ಕತ್ತರಿ ಇಲ್ಲದೆ ತೋಳು, ಕೊರಳು

ಬಟ್ಟೆಗೆ ಮೈಯ ಆಕಾರ ಕೊಡುವ ಎರಡು ದಾರಿ ಧಾರವಾಡ ಸೀಮೆಗೆ ಮೊದಲಿನಿಂದಲೂ ಗೊತ್ತು. ಕಲಘಟಗಿ ಕಡೆ ಮಳೆಯಲ್ಲಿ ಗದ್ದೆಗೆ ಇಳಿಯುವವರು ಕಂಬಳಿಯನ್ನು ಕೊಪ್ಪೆ ಮಡಿಸಿ ತಲೆಯ ಮೇಲಿಂದ ಇಳಿಬಿಟ್ಟುಕೊಂಡರೆ ಅದು ಮಡಿಕೆಯಿಂದ ಬಂದ ಆಕಾರ. ಗುಳೇದಗುಡ್ಡದ ಖಣವನ್ನು ಕತ್ತರಿಸಿ, ತುಂಡು ಕೂಡಿಸಿ ಕುಪ್ಪಸ ಹೊಲಿದರೆ ಅದು ಕತ್ತರಿಯಿಂದ ಬಂದದ್ದು. ಹೆಣಿಗೆ ಮೂರನೆಯ ದಾರಿ. ಎರಡು ಕಡ್ಡಿ, ಒಂದು ಉಲನ್ ಉಂಡಿ ಇದ್ದರೆ ಸಾಕು, ಬಟ್ಟೆ ಹುಟ್ಟುತ್ತಿರುವಾಗಲೇ ಬೇಕಾದಲ್ಲಿ ಅಗಲವಾಗುತ್ತದೆ, ಬೇಕಾದಲ್ಲಿ ಕಿರಿದಾಗುತ್ತದೆ. ಹೆಣೆದ ಬಟ್ಟೆಗೆ ಕತ್ತರಿ ಹಾಕಿದರೆ ಕುಣಿಕೆಗಳು ಒಂದರ ಹಿಂದೊಂದು ಬಿಚ್ಚಿಕೊಳ್ಳುತ್ತವೆ. ಹಾಗಾಗಿ ತೋಳು, ಕಂಕುಳು, ಕೊರಳು ಎಲ್ಲವೂ ಎಣಿಕೆಯಿಂದಲೇ ಮೂಡಬೇಕು.

ಎಣಿಕೆ ಈ ನೆಲದ ಹೆಣ್ಣುಮಕ್ಕಳ ಬೆರಳಲ್ಲಿದೆ. ಕಸೂತಿಯ ಗವಂತಿ, ಮುರ್ಗಿ, ನೇಗಿ, ಮೆಂಥೆ ನಾಲ್ಕೂ ಬಟ್ಟೆಯ ಎಳೆ ಎಣಿಸಿ ಹಾಕುವ ಹೊಲಿಗೆಗಳು. ಒಂದು ಎಳೆ ತಪ್ಪಿದರೆ ಗೋಪುರದ ಅಂಚು ಸೊಟ್ಟಗಾಗುತ್ತದೆ. ನವಲಗುಂದದಲ್ಲಿ ನೆಟ್ಟನೆ ನಿಲ್ಲಿಸಿದ ಮಗ್ಗದ ಮುಂದೆ ಕೂತು ಜಮಖಾನ ನೇಯುವ ಹೆಂಗಸರು ಬಣ್ಣ ಬದಲಿಸುವ ಜಾಗವನ್ನು ಎಳೆಗಳ ಲೆಕ್ಕದಲ್ಲೇ ಹಿಡಿಯುತ್ತಾರೆ. ಅಂಥ ಕೈಗೆ ಸ್ವೆಟರಿನ ಲೆಕ್ಕ ಕಷ್ಟವಲ್ಲ. ಕಷ್ಟವಾಗುವುದು ಲೆಕ್ಕ ಬಿಟ್ಟು, ಯಾರೋ ಕೊಟ್ಟ ಅಂಕಿಗಳನ್ನು ಕಣ್ಣುಮುಚ್ಚಿ ಹೆಣೆದಾಗ. ಅದಕ್ಕೇ ಈ ಅಧ್ಯಾಯದಲ್ಲಿ ಸಿದ್ಧ ಅಳತೆಗಿಂತ ಅಳತೆ ಹುಟ್ಟುವ ಬಗೆಯನ್ನೇ ಹೆಚ್ಚು ಹೇಳುತ್ತೇನೆ.

ಮುಂದೆ ತೆರೆದಿರುವ, ಗುಂಡಿ ಹಾಕುವ ಸ್ವೆಟರಿಗೆ ಕಾರ್ಡಿಗನ್ ಎಂಬ ಹೆಸರು ಬಂದದ್ದು ಇಂಗ್ಲೆಂಡಿನ ಏಳನೆಯ ಅರ್ಲ್ ಆಫ್ ಕಾರ್ಡಿಗನ್‌ನಿಂದ. 1854ರ ಬಾಲಾಕ್ಲಾವಾ ಕಾಳಗದಲ್ಲಿ ಕುದುರೆಪಡೆಯನ್ನು ಮುನ್ನಡೆಸಿದವನು ಅವನು. ಆ ದಂಡಿನ ಉಡುಪು ನಮ್ಮ ಸೀಮೆಗೆ ಒಗ್ಗುವುದಕ್ಕೆ ಬೇರೆಯೇ ಕಾರಣವಿದೆ. ತಲೆಯಿಂದ ತೊಡುವ ಸ್ವೆಟರು ಸೀರೆ ಉಟ್ಟವರಿಗೆ ತೊಡಕು. ಸೆರಗು ತೆಗೆಯಬೇಕು, ತುರುಬು ಕೆಡುತ್ತದೆ. ವಯಸ್ಸಾದವರಿಗೆ ಎರಡೂ ತೋಳು ಮೇಲೆತ್ತುವುದೇ ನೋವು. ಮುಂದೆ ತೆರೆದದ್ದಾದರೆ ಕೂತಲ್ಲೇ ತೊಡಬಹುದು, ಬಿಸಿಲೇರಿದಾಗ ಕೂತಲ್ಲೇ ಕಳಚಬಹುದು. ನಸುಕಿನಲ್ಲಿ ಚಳಿ ಹಿಡಿದು ಹತ್ತು ಗಂಟೆಗೆಲ್ಲ ಬೆವರಿಳಿಸುವ ನಮ್ಮ ಪುಷ್ಯಮಾಸಕ್ಕೆ ಇದಕ್ಕಿಂತ ತಕ್ಕ ಉಡುಪಿಲ್ಲ.

ಆದರೆ ಪುಸ್ತಕಗಳ ಮಾದರಿಗಳು ಚಳಿದೇಶದವು, ಷರ್ಟಿನ ಮೇಲೆ ತೊಡುವವರಿಗೆಂದು ಬರೆದವು. ಇಲ್ಲಿ ಸ್ವೆಟರಿನೊಳಗೆ ಕುಪ್ಪಸವಿದೆ, ಕುಪ್ಪಸದ ಮೇಲೆ ಇಳಕಲ್ ಸೀರೆಯ ಸೆರಗು, ಸೊಂಟದಲ್ಲಿ ನಿರಿಗೆಯ ದಪ್ಪ. ಆದ್ದರಿಂದ ಸೊಂಟದಲ್ಲಿ ಕುಣಿಕೆ ಇಳಿಸಿ ನಡು ಸಣ್ಣ ಮಾಡುವ ಚಂದಕ್ಕೆ ಹೋಗಬೇಡಿ. ಕೆಳಗಿನ ಬಾರ್ಡರನ್ನು ಬಿಗಿ ಹೆಣೆದರೆ ಸ್ವೆಟರು ನಿರಿಗೆಯ ಮೇಲೇರಿ ಬೆನ್ನಿನ ಮೇಲೆ ಗಂಟಾಗಿ ಕೂರುತ್ತದೆ. ಎರಡು ಸೀದಾ, ಎರಡು ಉಲ್ಟಾ ಹೆಣೆಯುವಾಗ ಮೈಗೆ ಬಳಸುವ ಕಡ್ಡಿಯನ್ನೇ ಇಲ್ಲಿಯೂ ಬಳಸಿ. ಕೊರಳಿಗೆ ವಿ ಆಕಾರವೇ ಒಳ್ಳೆಯದು. ತಲೆಯ ಮೇಲೆ ಹೊದ್ದ ಸೆರಗು ಗುಂಡು ಕೊರಳಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಈಗ ಲೆಕ್ಕ. ಮೊದಲು ಅಂಗೈಗಿಂತ ದೊಡ್ಡದೊಂದು ತುಂಡು ಹೆಣೆದು, ಒಗೆದು, ಒಣಗಿಸಿ, ಅದರ ನಡುವೆ 10 ಸೆಂಟಿಮೀಟರಿನಲ್ಲಿ ಎಷ್ಟು ಕುಣಿಕೆ, ಎಷ್ಟು ಸಾಲು ಎಂದು ಎಣಿಸಬೇಕು. ಸಾಧಾರಣ ದಪ್ಪದ ಉಲನ್ನಿಗೆ 20 ಕುಣಿಕೆ, 28 ಸಾಲು ಬಂತೆನ್ನಿ. ಸಾಲು ಹೆಚ್ಚು, ಕುಣಿಕೆ ಕಡಿಮೆ. ಏಕೆಂದರೆ ಸೀದಾ ಹೆಣಿಗೆಯ ಕುಣಿಕೆ ಎತ್ತರಕ್ಕಿಂತ ಅಗಲ ಹೆಚ್ಚಿನದು. ಈ ಒಂದು ಸಂಗತಿ ಮುಂದೆ ಎಲ್ಲ ಕಡೆ ಎದುರಾಗುತ್ತದೆ.

ಎದೆಯ ಸುತ್ತಳತೆ 92 ಸೆಂಟಿಮೀಟರ್ ಇದ್ದವರಿಗೆ ಸೀರೆಯ ಮೇಲೆ ಆರಾಮಾಗಿ ಕೂರಲು 10 ಸೇರಿಸಿ 102 ಇಡೋಣ. ಬೆನ್ನಿಗೆ ಅರ್ಧ, ಅಂದರೆ 51 ಸೆಂಟಿಮೀಟರು, 102 ಕುಣಿಕೆ. ಮುಂಭಾಗದ ಎರಡು ಪಾಲಿನ ನಡುವೆ 3 ಸೆಂಟಿಮೀಟರಿನ ಗುಂಡಿಪಟ್ಟಿ ಒಂದರ ಮೇಲೊಂದು ಕೂರುವುದರಿಂದ ಪ್ರತಿ ಪಾಲಿನಲ್ಲಿ 3 ಕುಣಿಕೆ ಬಿಟ್ಟು 48. ಒಟ್ಟು 198. ನಿಮ್ಮ ಕೈ ಬಿಗಿಯಾಗಿ 10 ಸೆಂಟಿಮೀಟರಿಗೆ 22 ಕುಣಿಕೆ ಕೂತರೆ ಇದೇ 198 ಕುಣಿಕೆ 99ರ ಬದಲು 90 ಸೆಂಟಿಮೀಟರಷ್ಟೇ ಆಗುತ್ತದೆ. ಎರಡೇ ಕುಣಿಕೆಯ ವ್ಯತ್ಯಾಸಕ್ಕೆ ಸ್ವೆಟರು ಗುಂಡಿ ಹಾಕಲು ಬಾರದಂತಾಗುತ್ತದೆ. ತಿಂಗಳ ಶ್ರಮ ಉಳಿಸುವ ಆ ಸಣ್ಣ ತುಂಡನ್ನು ಯಾರೂ ಬಿಡಬಾರದು.

ಕಂಕುಳು ಬಂದಾಗ ಬೆನ್ನಿನ ಎರಡೂ ಬದಿ 5 ಕುಣಿಕೆ ಮುಚ್ಚಿ, ಆಮೇಲೆ ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಪ್ರತಿ ಬದಿ 1ರಂತೆ 8 ಸಲ ಇಳಿಸಿದರೆ 76 ಉಳಿಯುತ್ತದೆ. 38 ಸೆಂಟಿಮೀಟರು, ಭುಜದಿಂದ ಭುಜಕ್ಕೆ. ಇದರಲ್ಲಿ ಕೊರಳಿಗೆ 32, ಪ್ರತಿ ಭುಜಕ್ಕೆ 22. ಮುಂಭಾಗದಲ್ಲೂ ಕಂಕುಳ ಬದಿ ಇದೇ ಇಳಿಕೆ: 48ರಲ್ಲಿ 13 ಹೋಗಿ 35. ಭುಜಕ್ಕೆ 22 ಬೇಕು, ಉಳಿದ 13 ವಿ ಕೊರಳಿನ ಇಳಿಜಾರಿಗೆ. ಕಂಕುಳಿನಿಂದ ಭುಜಕ್ಕೆ 20 ಸೆಂಟಿಮೀಟರು, 56 ಸಾಲು. ನಾಲ್ಕು ಸಾಲಿಗೊಮ್ಮೆ ಒಂದರಂತೆ 13 ಸಲ ಇಳಿಸಿದರೆ 52 ಸಾಲು, ಕೊನೆಗೆ 4 ಸಾಲು ನೇರ. ಕಂಕುಳಿನ ಇಳಿಕೆ, ಕೊರಳಿನ ಇಳಿಕೆ ಎರಡೂ ಒಟ್ಟಿಗೇ ಶುರುವಾಗುತ್ತವೆ ಎಂಬುದನ್ನು ಮರೆಯಬಾರದು. ಎರಡು ಪಾಲಿನ 13 ಮತ್ತು 13, ಪಟ್ಟಿಯ ಅಗಲ 6 ಕುಣಿಕೆಯಷ್ಟು, ಕೂಡಿದರೆ 32. ಬೆನ್ನಿನ ಕೊರಳಿಗೆ ಸರಿಹೊಂದಿತು. ಹೀಗೆ ಒಂದು ಭಾಗದ ಅಂಕಿ ಇನ್ನೊಂದಕ್ಕೆ ಕೂಡಿ ಬರುವುದನ್ನು ಕಾಗದದ ಮೇಲೆ ನೋಡಿದ ಮೇಲೆಯೇ ಕಡ್ಡಿ ಹಿಡಿಯಿರಿ.

ಕುಣಿಕೆ ಇಳಿಸುವುದರಲ್ಲಿ ಒಂದು ಸೂಕ್ಷ್ಮವಿದೆ, ಅಂಗಡಿಯ ಸ್ವೆಟರಿಗೂ ಕೈಕೆಲಸಕ್ಕೂ ಅಂತರ ಕಾಣುವುದು ಅಲ್ಲಿಯೇ. ಎರಡು ಕುಣಿಕೆಯನ್ನು ಕೂಡಿಸಿ ಸೀದಾ ಹೆಣೆದರೆ ಮೇಲಿನದು ಬಲಕ್ಕೆ ವಾಲುತ್ತದೆ. ಒಂದು ಕುಣಿಕೆಯನ್ನು ಹೆಣೆಯದೆ ಸರಿಸಿ, ಮುಂದಿನದನ್ನು ಹೆಣೆದು, ಸರಿಸಿದ್ದನ್ನು ಅದರ ಮೇಲಿಂದ ದಾಟಿಸಿದರೆ ಎಡಕ್ಕೆ ವಾಲುತ್ತದೆ. ಬಲ ಅಂಚಿಗೆ ಎಡವಾಲು, ಎಡ ಅಂಚಿಗೆ ಬಲವಾಲು ಹಾಕಿದರೆ ಎರಡೂ ಗೆರೆಗಳು ಮೈಯ ತಿರುವಿನ ಜೊತೆ ಒಳಕ್ಕೆ ಬಾಗುತ್ತವೆ. ತೀರ ಅಂಚಿನಲ್ಲಿ ಇಳಿಸದೆ ಎರಡು ಕುಣಿಕೆ ಒಳಗೆ ಇಳಿಸಿ. ಅಂಚು ನೇರವಾಗಿದ್ದರೆ ಹೊಲಿಯುವುದೂ ಪಟ್ಟಿ ಎತ್ತುವುದೂ ಸುಲಭ.

ಇದನ್ನು ಕಲಿಯಲು ಕೂಸಿನ ಕುಲಾವಿಯೇ ಸರಿ. ಇದೇ ಅಳತೆಯಲ್ಲಿ 72 ಕುಣಿಕೆ, ಅಂದರೆ 36 ಸೆಂಟಿಮೀಟರು ಹಾಕಿ, ಕಿವಿ ಮುಚ್ಚುವಷ್ಟು ಹೆಣೆದ ಮೇಲೆ 9ರಂತೆ 8 ಪಾಲು ಮಾಡಿ. ಒಂದು ಸಾಲು ಬಿಟ್ಟು ಒಂದರಲ್ಲಿ ಪ್ರತಿ ಪಾಲಿನಲ್ಲೂ ಒಂದು ಇಳಿಸುತ್ತ ಹೋದರೆ 64, 56, 48 ಎಂದು ಕೊನೆಗೆ 8 ಉಳಿಯುತ್ತದೆ. ದಾರ ತೂರಿಸಿ ಎಳೆದು ಕಟ್ಟಿದರೆ ನೆತ್ತಿ ಮುಚ್ಚಿತು. ಅಲ್ಲಿ ತಪ್ಪಿದರೂ ಒಂದು ಸಂಜೆಯ ಕೆಲಸವಷ್ಟೇ ಬಿಚ್ಚಬೇಕಾಗುತ್ತದೆ.

ತೋಳು ಮುಂಗೈಯಿಂದ ಮೇಲಕ್ಕೆ ಅಗಲವಾಗುತ್ತ ಹೋಗುತ್ತದೆ. ಮುಂಗೈ 22 ಸೆಂಟಿಮೀಟರಿಗೆ 44 ಕುಣಿಕೆ, ಮೇಲ್ದೋಳು 34ಕ್ಕೆ 68. ಹೆಚ್ಚಬೇಕಾದ್ದು 24, ಸಾಲಿಗೆ ಎರಡೂ ಬದಿಯಂತೆ 12 ಸಲ. ಬಾರ್ಡರ್ ಬಿಟ್ಟು 36 ಸೆಂಟಿಮೀಟರಿನಲ್ಲಿ ಸುಮಾರು 100 ಸಾಲು ಸಿಗುತ್ತದೆ. 8 ಸಾಲಿಗೊಮ್ಮೆ ಏರಿಸಿದರೆ 96. ಏರಿಸಲು ಎರಡು ಕುಣಿಕೆಗಳ ನಡುವೆ ಅಡ್ಡ ಮಲಗಿದ ದಾರವನ್ನು ಎಡಗಡ್ಡಿಗೆ ಎತ್ತಿ, ಅದರ ಹಿಂದಿನಿಂದ ಹೆಣೆದು ತಿರುಚಬೇಕು. ತಿರುಚದಿದ್ದರೆ ತೂತು ಬೀಳುತ್ತದೆ. ಮೇಲಿನ ಗುಮ್ಮಟಕ್ಕೆ ಪ್ರತಿ ಬದಿ 5 ಮುಚ್ಚಿ, ಒಂದು ಸಾಲು ಬಿಟ್ಟು ಒಂದರಲ್ಲಿ 18 ಸಲ ಇಳಿಸಿ, ಉಳಿದ 22 ಒಟ್ಟಿಗೆ ಮುಚ್ಚಿ. ಗುಮ್ಮಟದ ಅಂಚು ಸುಮಾರು 47 ಸೆಂಟಿಮೀಟರು, ಕಂಕುಳಿನ ಸುತ್ತು ಹತ್ತಿರ ಹತ್ತಿರ ಅಷ್ಟೇ. ಇವೆರಡು ಹೊಂದದ ಸ್ವೆಟರಿನ ಭುಜ ಎಷ್ಟು ಇಸ್ತ್ರಿ ಮಾಡಿದರೂ ನೆಟ್ಟಗಾಗುವುದಿಲ್ಲ.

ಭುಜದ ಇಳಿಜಾರಿಗೆ ಅರ್ಧಸಾಲು ಎಂಬ ಉಪಾಯವಿದೆ. 22 ಕುಣಿಕೆಯಲ್ಲಿ ಕಂಕುಳ ಬದಿಯ 8 ಬಿಟ್ಟು ತಿರುಗಿ, ಮುಂದಿನ ಸಲ ಇನ್ನೂ 7 ಬಿಟ್ಟು ತಿರುಗಿದರೆ ಕೊರಳ ಬದಿ ಎತ್ತರವಾಗುತ್ತದೆ. ತಿರುಗುವ ಜಾಗದಲ್ಲಿ ಪಕ್ಕದ ಕುಣಿಕೆಗೆ ದಾರ ಸುತ್ತಿ ಬಂದರೆ ಸಂದು ಕಾಣದು. ಇದೇ ಉಪಾಯವನ್ನು ಬೆನ್ನಿನ ಕೆಳಗೆ ಬಳಸುವುದು ನನಗೆ ಇನ್ನೂ ಮುಖ್ಯವೆನಿಸುತ್ತದೆ. ಅಣ್ಣಿಗೇರಿ, ಕುಂದಗೋಳದ ಎರೆಹೊಲದಲ್ಲಿ ಬೆಳಿಗ್ಗೆಯೇ ಬಗ್ಗಿ ಕಡಲೆ ಕೀಳುವವರ ಸ್ವೆಟರು ಬೆನ್ನಿನಲ್ಲಿ ಮೇಲೆ ಸರಿದು ನಡು ಬಯಲಾಗುತ್ತದೆ. ಬಾರ್ಡರ್ ಮುಗಿದೊಡನೆ ಬೆನ್ನಿನ ಮಧ್ಯದಲ್ಲಿ ನಾಲ್ಕಾರು ಅರ್ಧಸಾಲು ಹಾಕಿದರೆ ಹಿಂದೆ ಒಂದೆರಡು ಸೆಂಟಿಮೀಟರು ಉದ್ದ ಸಿಗುತ್ತದೆ. ಯಾವ ರೆಡಿಮೇಡ್ ಸ್ವೆಟರೂ ಕೊಡದ ಅನುಕೂಲ ಇದು.

ಗುಂಡಿಪಟ್ಟಿ ಎತ್ತುವಾಗ ಮೊದಲು ಹೇಳಿದ 20 ಮತ್ತು 28ರ ಸಂಗತಿ ಮತ್ತೆ ಬರುತ್ತದೆ. ಅಂಚಿನ ಪ್ರತಿ 7 ಸಾಲಿಗೆ 5 ಕುಣಿಕೆ ಎತ್ತಿ. ಸಾಲಿಗೊಂದು ಎತ್ತಿದರೆ ಪಟ್ಟಿ ಅಲೆಯಲೆಯಾಗಿ ಜೋಲುತ್ತದೆ, ಅರ್ಧಕ್ಕೆ ಅರ್ಧ ಎತ್ತಿದರೆ ಮುಂಭಾಗ ಮೇಲಕ್ಕೆ ಎಳೆಯುತ್ತದೆ. ಕಾಜಾಕ್ಕೆ ಒಂದು ಸಾಲಿನಲ್ಲಿ ಎರಡು ಕುಣಿಕೆ ಮುಚ್ಚಿ ಮುಂದಿನ ಸಾಲಿನಲ್ಲಿ ಎರಡು ಹೊಸದು ಹಾಕಿದರಾಯಿತು. ಗುಂಡಿ ಮೊದಲು ಕೊಂಡು ಆಮೇಲೆ ಕಾಜಾ ಮಾಡಿ.

ದಾರದ ಮಾತು ಕೊನೆಗೆ ಇಟ್ಟುಕೊಂಡಿದ್ದೇನೆ. ಸಂತೆಯಲ್ಲಿ ಸಿಗುವ ಉಲನ್ ಬಹುಪಾಲು ಅಕ್ರಿಲಿಕ್. ಅದಕ್ಕೆ ಬಿಸಿ ಇಸ್ತ್ರಿ ತಾಗಿಸಿದರೆ ನೂಲು ಸೋತು ಆಕಾರವೇ ಹೋಗುತ್ತದೆ. ಕುರುಬರು ಕಂಬಳಿಗೆ ಬಳಸುವ ದಖನಿ ಕುರಿಯ ಕರಿ ಉಣ್ಣೆ ಒರಟು, ಬರಿಮೈಗೆ ಚುಚ್ಚುತ್ತದೆ ನಿಜ. ಆದರೆ ಕುಪ್ಪಸ, ಸೆರಗಿನ ಮೇಲೆ ತೊಡುವ ಕಾರ್ಡಿಗನ್ನಿಗೆ ಆ ಚುಚ್ಚು ಅಡ್ಡಿಯಲ್ಲ, ಬೆಚ್ಚಗೂ ಇರುತ್ತದೆ. ಈ ಉಣ್ಣೆ ಕಂಬಳಿಯಾಗಿ ಮಾತ್ರ ಉಳಿಯಬೇಕಿಲ್ಲ ಎಂದು ನಾನು ನಂಬಿದ್ದೇನೆ. ಎಚ್ಚರ ಬೇಕಾದದ್ದು ಹುರಿಯಲ್ಲಿ. ಮಗ್ಗಕ್ಕಾಗಿ ನೂತ ಬಿಗಿಹುರಿಯ ಒಂಟಿ ಎಳೆಯನ್ನು ಹಾಗೆಯೇ ಹೆಣೆದರೆ ಬಟ್ಟೆ ಓರೆಯಾಗಿ ತಿರುಗಿಕೊಳ್ಳುತ್ತದೆ, ಪಕ್ಕದ ಹೊಲಿಗೆ ಹೊಟ್ಟೆಯ ಮೇಲೆ ಬರುತ್ತದೆ. ಎರಡು ಎಳೆಯನ್ನು ಕೂಡಿಸಿ, ನೂತ ದಿಕ್ಕಿಗೆ ಎದುರು ದಿಕ್ಕಿನಲ್ಲಿ ಹುರಿಗೊಳಿಸಿದರೆ ಒಂದರ ಎಳೆತ ಇನ್ನೊಂದನ್ನು ತಡೆಯುತ್ತದೆ. ಗಂಜಿ ಹಾಕುವ ಮೊದಲಿನ ನೂಲನ್ನೇ ಕೇಳಿ ಪಡೆಯಿರಿ; ಹುಣಸೆಬೀಜದ ಗಂಜಿ ಹತ್ತಿದ ದಾರ ಕಡ್ಡಿಯ ಮೇಲೆ ಜಾರುವುದಿಲ್ಲ. ಹೆಣೆದ ಭಾಗಗಳನ್ನು ಉಗುರುಬೆಚ್ಚನೆ ನೀರಿನಲ್ಲಿ ನೆನೆಸಿ, ಹಿಂಡದೆ ಒತ್ತಿ, ಚಾಪೆಯ ಮೇಲೆ ಅಳತೆಗೆ ಸರಿಯಾಗಿ ಹರಡಿ ನೆರಳಿನಲ್ಲಿ ಒಣಗಿಸಿದ ಮೇಲೆ ಮೊದಲು ಭುಜ, ಆಮೇಲೆ ತೋಳು, ಕೊನೆಗೆ ಮುಂಗೈಯಿಂದ ಸೊಂಟದವರೆಗಿನ ಪಕ್ಕ, ಈ ಕ್ರಮದಲ್ಲಿ ಹೊಲಿಯಿರಿ.