ಗಂಧ, ಮೆಣಸು, ಮೂರು ಬಾಟಲಿ

ಜರ್ಮನಿಯ ಶ್ವೀಬರ್ಡಿಂಗೆನ್‌ನ ಬಾಷ್ ಆಫೀಸಿಗೆ ಹೊರಟ ಕನ್ನಡಿಗರೇ, ಈ ಚಳಿಗೆ ಯಾವ ಪರ್ಫ್ಯೂಮ್? ಮೂರು ಹೇಳ್ತೀನಿ.

ಒಂದು, ಟೆರ್ ದೆರ್ಮೆಸ್, 2006. ಮೊದಲು ಕಿತ್ತಳೆ, ಆಮೇಲೆ ಕಾಳುಮೆಣಸು, ಕೊನೆಗೆ ಲಾವಂಚ, ಸೀಡರ್ ಮರ. ಆಫೀಸಿಗೆ ಇದೇ ಸರಿ.

ಎರಡು, ವಿಕ್ಟರ್ ಆ್ಯಂಡ್ ರಾಲ್ಫ್‌ನ ಸ್ಪೈಸ್‌ಬಾಂಬ್, 2012. ದಾಲ್ಚಿನ್ನಿ, ಕೇಸರಿ, ತಂಬಾಕು. ಮೀಟಿಂಗಿಗೆ ಬೇಡ, ಕ್ರಿಸ್‌ಮಸ್ ಮಾರ್ಕೆಟ್ಟಿಗೆ ಸೂಪರ್. ಎರಡೇ ಸ್ಪ್ರೇ ಸಾಕು!

ಮೂರು, ನಿಶ್ ಬ್ರ್ಯಾಂಡ್ ಲ ಲಾಬೊದ ಸ್ಯಾಂಟಲ್ 33, 2011. ಏಲಕ್ಕಿ, ಚರ್ಮ, ಆಸ್ಟ್ರೇಲಿಯಾದ ಗಂಧ. ಮೈಸೂರು ಶ್ರೀಗಂಧದ ಕೆನೆಯಂಥ ನುಣುಪು ಇಲ್ಲಿಲ್ಲ. ನಮ್ಮ ಮರದೆಣ್ಣೆಯಲ್ಲಿ ಗಂಧದ ಪರಿಮಳ ಕೊಡುವ ಸ್ಯಾಂಟಲಾಲ್ ಹೆಚ್ಚು, ಆಸ್ಟ್ರೇಲಿಯಾದ ಸ್ವಂತ ತಳಿಯಲ್ಲಿ ಕಡಿಮೆ. ಹಾಗಾಗಿ ಇದರ ಪರಿಮಳ ಒಣ, ಒರಟು. ನನಗಿಷ್ಟ, ಅಮ್ಮನಿಗೆ ಕಷ್ಟ!

ಅಂಗಡಿಯ ಕಾಗದದ ಪಟ್ಟಿ ನಂಬಬೇಡಿ. ಮಣಿಕಟ್ಟಿಗೆ ಹಾಕಿ, ಅರ್ಧ ಗಂಟೆ ಸುತ್ತಾಡಿ, ಮೂಸಿ ನೋಡಿ, ಆಮೇಲೆ ಯೂರೋ ಬಿಚ್ಚಿ.