ಹೈಬ್ರಿಡ್ ಕಾರೂ ಗೃಹಸ್ಥನ ಲೆಕ್ಕವೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅವರು ಈಗಿದ್ದಿದ್ದರೆ ‘ಕಾರು ಕೊಂಡು ನೋಡು’ ಎಂಬ ಮೂರನೆಯ ಮಾತನ್ನೂ ಸೇರಿಸುತ್ತಿದ್ದರೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಮೊದಲಿನ ಎರಡು ಕಾರ್ಯಗಳನ್ನು ಹೇಗೋ ಪೂರೈಸಿದ ನಾವು ಮೂರನೆಯದರಲ್ಲಿ ಕಲಿತ ನಾಲ್ಕು ಪಾಠಗಳನ್ನು ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯತೊಡಗಿದ್ದೇವೆ.

ಮೂವತ್ತು ವರ್ಷಗಳಿಗೆ ಮಿಕ್ಕು ಮಕ್ಕಳಿಗೆ ಸಂಸ್ಕೃತದ ಪಾಠ ಹೇಳಿ ಈಚೆಗಷ್ಟೇ ನಿವೃತ್ತರಾದವರು ನಾವು. ವಾಸ ಬಸವೇಶ್ವರನಗರದಲ್ಲಿ. ಮಗನು ದಿನವೂ ವಿಜಯನಗರದ ನಿಲ್ದಾಣದಲ್ಲಿ ಮೆಟ್ರೋ ರೈಲನ್ನು ಹತ್ತಿ ಕಛೇರಿಗೆ ಹೋಗುತ್ತಾನೆ. ಸೊಸೆಯು ಕೆಂಗೇರಿಯ ಆಚೆಗಿರುವ ಒಂದು ಶಾಲೆಯಲ್ಲಿ ಉಪಾಧ್ಯಾಯಿನಿ. ಮೊಮ್ಮಗಳು ಓದುವುದೂ ಅಲ್ಲಿಯೇ. 2021ರಲ್ಲಿ ಮೆಟ್ರೋ ಕೆಂಗೇರಿಯನ್ನು ಮುಟ್ಟಿತಾದರೂ ಶಾಲೆಯು ನಿಲ್ದಾಣಕ್ಕೆ ದೂರವಾದುದರಿಂದ ತಾಯಿಮಗಳಿಬ್ಬರೂ ಸ್ಕೂಟರಿನಲ್ಲಿಯೇ ಹೋಗಿಬರುತ್ತಿದ್ದರು. ಕಳೆದ ಮಳೆಗಾಲದ ಒಂದು ಸಂಜೆ ನೀರು ತುಂಬಿದ ಗುಂಡಿಯಲ್ಲಿ ಸ್ಕೂಟರು ಉರುಳಿತು. ದೇವರ ದಯೆಯಿಂದ ಮಗುವಿನ ಮೊಣಕೈ ತರಚಿದುದಕ್ಕಿಂತ ಹೆಚ್ಚಿನ ಅನಾಹುತವಾಗಲಿಲ್ಲ. ಆದರೆ ಆ ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ನಿದ್ರೆ ಬರಲಿಲ್ಲ. ಕಾರು ಬೇಕೆಂಬುದು ಅಂದೇ ನಿಶ್ಚಯವಾಯಿತು.

ಎಂತಹ ಕಾರು, ಯಾರ ಹಣದಿಂದ ಎಂಬುದು ಮಾತ್ರ ಉಳಿಯಿತು. ಮಗನು ಹೇಳಿದನು: “ಅಪ್ಪ, ಹೈಬ್ರಿಡ್ ಕಾರನ್ನೇ ಕೊಳ್ಳೋಣ. ಬೆಲೆ ಹೆಚ್ಚಾದರೂ ಪೆಟ್ರೋಲು ಉಳಿಯುತ್ತದೆ. ಹೆಚ್ಚಿನ ಕಂತು ಆ ಉಳಿತಾಯದಲ್ಲಿಯೇ ತೀರಿಹೋಗುತ್ತದೆ. ನಿಮ್ಮ ಗ್ರಾಚ್ಯುಟಿ ಹಣದಿಂದ ಮುಂಗಡ ಕಟ್ಟಿದರೆ ಸಾಕು.”

ಗ್ರಾಚ್ಯುಟಿ ಎಂದರೆ ನಮ್ಮ ಜೀವಮಾನದ ದುಡಿಮೆಯಲ್ಲಿ ಒಟ್ಟಾಗಿ ಕೈಗೆ ಬಂದ ಹಣ ಅದೊಂದೇ. ನಾಳೆ ಕಾಯಿಲೆ ಕಸಾಲೆಗೆ ಆಧಾರವೂ ಅದೇ. ಇಲ್ಲವೆಂದರೆ ಮಗನ ಮನಸ್ಸು ನೋಯುವುದು. ಹೂಂ ಎಂದರೆ ನಮ್ಮ ವೃದ್ಧಾಪ್ಯ ಬರಿದಾಗುವುದು. ಆದಕಾರಣ, ಕಂತು ನಿಜವಾಗಿಯೂ ಪೆಟ್ರೋಲಿನ ಉಳಿತಾಯದಲ್ಲಿ ಹುಟ್ಟುವುದೇ ಎಂಬುದನ್ನು ಮೊದಲು ವಿಚಾರಿಸೋಣವೆಂದು ಹೊರಟೆವು.

ಹೈಬ್ರಿಡ್ ಎಂದರೇನು? ಒಂದು ನೊಗಕ್ಕೆ ಎರಡು ಎತ್ತುಗಳನ್ನು ಹೂಡಿದ ಗಾಡಿಯೆಂದು ತಿಳಿಯಬಹುದು. ಒಂದು ಪೆಟ್ರೋಲಿನ ಇಂಜಿನು, ಇನ್ನೊಂದು ವಿದ್ಯುತ್ತಿನ ಮೋಟಾರು. ಕಾರು ನಿಂತಲ್ಲಿಂದ ಹೊರಡುವಾಗಲೂ ಮೆಲ್ಲಗೆ ತೆವಳುವಾಗಲೂ ಮೋಟಾರೇ ಎಳೆಯುತ್ತದೆ, ಇಂಜಿನು ಸುಮ್ಮನಿರುತ್ತದೆ. ವೇಗ ಹೆಚ್ಚಿದಾಗ ಇಂಜಿನು ಹೆಗಲು ಕೊಡುತ್ತದೆ. ಸಾಮಾನ್ಯ ಕಾರಿನಲ್ಲಿ ಬ್ರೇಕು ಒತ್ತಿದಾಗ ಓಟದ ಶಕ್ತಿಯೆಲ್ಲ ಬಿಸಿಯಾಗಿ ವ್ಯರ್ಥವಾಗುತ್ತದೆ. ಇಲ್ಲಿ ಅದರ ಒಂದು ಭಾಗವು ಮತ್ತೆ ವಿದ್ಯುತ್ತಾಗಿ ಬ್ಯಾಟರಿಯನ್ನು ಸೇರುತ್ತದೆ. ಆದುದರಿಂದ ಬ್ಯಾಟರಿಯನ್ನು ಮನೆಯ ವಿದ್ಯುತ್ತಿಗೆ ಜೋಡಿಸುವ ಪ್ರಮೇಯವಿಲ್ಲ. ನಿಂತು ನಿಂತು ಸಾಗುವ ಮಾಗಡಿ ರಸ್ತೆಯಂತಹ ಕಡೆಯಲ್ಲಿಯೇ ಇದರ ಪ್ರಯೋಜನ ಅಧಿಕ. ಹೆದ್ದಾರಿಯಲ್ಲಿ ಒಂದೇ ವೇಗದಿಂದ ಓಡುವವರಿಗೆ ಅಷ್ಟಿಲ್ಲ.

ಈ ಯುಕ್ತಿಯು ಹೊಸದೆಂದು ಭಾವಿಸಬೇಕಾಗಿಲ್ಲ. ಆಸ್ಟ್ರಿಯ ದೇಶದಲ್ಲಿ ಫರ್ಡಿನೆಂಡ್ ಪೋರ್ಶೆ ಎಂಬ ತರುಣ ಇಂಜಿನಿಯರನು 1900ರಲ್ಲಿಯೇ ಇಂತಹ ಗಾಡಿಯೊಂದನ್ನು ರಚಿಸಿದ್ದನು. ಜನಸಾಮಾನ್ಯರು ಕೊಳ್ಳುವಂತಾದುದು 1997ರಲ್ಲಿ ಜಪಾನಿನಲ್ಲಿ ಪ್ರಿಯಸ್ ಕಾರು ಹೊರಬಂದ ಮೇಲೆ. ನಮ್ಮ ಕೆಂಗೇರಿಯನ್ನು ದಾಟಿ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಸಿಕ್ಕುವ, ತಟ್ಟೆ ಇಡ್ಲಿಗೆ ಹೆಸರಾದ ಬಿಡದಿಯಲ್ಲಿರುವ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2013ರಿಂದ ಹೈಬ್ರಿಡ್ ಕಾರುಗಳನ್ನು ಜೋಡಿಸತೊಡಗಿದರು. 2022ರಲ್ಲಿ ಪ್ರಕಟವಾದ ಹೈರೈಡರ್, ಇನ್ನೋವಾ ಹೈಕ್ರಾಸ್ ಕಾರುಗಳೂ ಅಲ್ಲಿಯವೇ.

ಒಂದು ಮಳಿಗೆಗೆ ಹೋದೆವು. ಮಾರುವ ತರುಣನು ಬಹಳ ವಿನಯಶಾಲಿ. “ಇದೂ ಹೈಬ್ರಿಡ್ಡೇ ಸರ್, ಬೆಲೆಯೂ ಕಡಮೆ” ಎಂದು ಒಂದು ಕಾರನ್ನು ತೋರಿಸಿದನು. ವಿಚಾರಿಸಲಾಗಿ ಅದು ‘ಮೈಲ್ಡ್ ಹೈಬ್ರಿಡ್’ ಎಂದು ತಿಳಿದುಬಂದಿತು. ಇದರಲ್ಲಿ ಮೋಟಾರು ಇಂಜಿನಿಗೆ ಅಲ್ಪ ಸಹಾಯ ಮಾಡುವುದೇ ಹೊರತು ತಾನೇ ಕಾರನ್ನು ಎಳೆಯಲಾರದು. ತಾನೇ ಎಳೆಯಬಲ್ಲುದಕ್ಕೆ ‘ಸ್ಟ್ರಾಂಗ್ ಹೈಬ್ರಿಡ್’ ಎಂದು ಹೆಸರು. ನಾಮ ಒಂದೇ ಆದರೂ ಅರ್ಥ ಬೇರೆ. ಕೊಳ್ಳುವವರು ಇದನ್ನು ಮೊದಲು ಕೇಳಿ ತಿಳಿಯತಕ್ಕದ್ದು. ಬ್ಯಾಟರಿಯ ಖಾತರಿಯು ಎಷ್ಟು ವರ್ಷ, ಎಷ್ಟು ಕಿಲೋಮೀಟರು ಎಂಬುದನ್ನೂ ಬರಹದಲ್ಲಿ ಪಡೆಯತಕ್ಕದ್ದು. ಟೊಯೋಟಾದವರು ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರಿನವರೆಗೆ ಖಾತರಿ ಕೊಡುತ್ತಾರೆ.

ಇನ್ನು ಬೆಲೆಯ ವಿಚಾರ. ಫಲಕದ ಮೇಲೆ ಕಾಣುವ ಬೆಲೆಗೂ ಕಾರು ರಸ್ತೆಗೆ ಇಳಿಯುವ ಬೆಲೆಗೂ ಬಹಳ ಅಂತರವುಂಟು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ಕ್ರಮದಂತೆ 1,200 ಸಿ.ಸಿ. ಮೀರದ ಪೆಟ್ರೋಲ್ ಇಂಜಿನೂ 4 ಮೀಟರು ಮೀರದ ಉದ್ದವೂ ಉಳ್ಳ ಕಾರಿಗೆ ಶೇಕಡಾ 18. ಇವುಗಳಲ್ಲಿ ಒಂದು ಮೀರಿದರೂ ಶೇಕಡಾ 40. ಹೈಬ್ರಿಡ್ಡಿಗೂ ಇದೇ ನಿಯಮ. ನಾವು ನೋಡಿದ ಸ್ಟ್ರಾಂಗ್ ಹೈಬ್ರಿಡ್ ಕಾರು ಶೇಕಡಾ 40ರ ಪಂಕ್ತಿಯದು. ಪೂರ್ಣ ವಿದ್ಯುತ್ ಕಾರಿಗೆ ಶೇಕಡಾ 5 ಮಾತ್ರ. ಆದರೆ ನಮಗೆ ದೊರೆತ ಬಾಡಿಗೆಯ ಶೆಡ್ಡಿನಲ್ಲಿ ವಿದ್ಯುತ್ ಸೌಕರ್ಯವಿಲ್ಲದ ಕಾರಣ ಆ ಆಲೋಚನೆಯನ್ನು ಬಿಟ್ಟೆವು. ಇದರ ಮೇಲೆ ರಾಜ್ಯದ ಆಜೀವ ತೆರಿಗೆ: 10 ಲಕ್ಷದಿಂದ 20 ಲಕ್ಷದವರೆಗಿನ ಕಾರಿಗೆ ಶೇಕಡಾ 17, ಆ ತೆರಿಗೆಯ ಮೇಲೆ ಮತ್ತೆ ಸೆಸ್ಸು. ಉತ್ತರಪ್ರದೇಶ ಸರ್ಕಾರವು 2024ರ ಜುಲೈ ತಿಂಗಳಲ್ಲಿ ಸ್ಟ್ರಾಂಗ್ ಹೈಬ್ರಿಡ್ ಕಾರುಗಳ ನೋಂದಣಿ ತೆರಿಗೆಯನ್ನು ಮನ್ನಾ ಮಾಡಿತು. ನಮಗೆ ಕೊಟ್ಟ ಅಂದಾಜು ಪಟ್ಟಿಯಲ್ಲಿ ಅಂತಹ ಕೃಪೆಯೇನೂ ಕಾಣಲಿಲ್ಲ. ವಿಮೆಯನ್ನು ಮಳಿಗೆಯಲ್ಲಿಯೇ ಮಾಡಿಸಬೇಕೆಂಬ ನಿರ್ಬಂಧವಿಲ್ಲ. ಹೊರಗೆ ವಿಚಾರಿಸಿ ಹೋಲಿಸುವುದು ಜಾಣತನ.

ತರುವಾಯ ಸಾಲದ ಮಾತು ಬಂದಿತು. ತರುಣನು “ಬೇರೆಯವರು ಶೇಕಡಾ 9 ಕೇಳುತ್ತಾರೆ ಸರ್, ನಮ್ಮಲ್ಲಿ ಫ್ಲಾಟ್ 5” ಎಂದನು. ಕೇಳಲು ಬಹಳ ಇಂಪಾಗಿತ್ತು. ಆದರೆ ‘ಫ್ಲಾಟ್’ ಎಂಬ ಶಬ್ದದಲ್ಲಿಯೇ ಗುಟ್ಟು ಅಡಗಿರುವುದು. 10 ಲಕ್ಷ ಸಾಲವನ್ನು 5 ವರ್ಷಕ್ಕೆ ಫ್ಲಾಟ್ 5ರಂತೆ ಪಡೆದರೆ, ತೀರಿಸಿದ ಅಸಲಿಗೂ ಕೊನೆಯವರೆಗೆ ಬಡ್ಡಿ ತೆರುತ್ತಲೇ ಇರಬೇಕು: ಬಡ್ಡಿ 2,50,000, ತಿಂಗಳ ಕಂತು 20,833 ರೂಪಾಯಿ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಶೇಕಡಾ 9ರ ಸಾಲದಲ್ಲಿ ಕಂತು 20,758. ಎಂದರೆ ಐದೆಂಬುದು ಒಂಬತ್ತಕ್ಕಿಂತ ದುಬಾರಿ! ಮೂವತ್ತು ವರ್ಷ ಶಬ್ದಾರ್ಥವನ್ನೇ ಬೋಧಿಸಿದ ನಮಗೆ ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದವಳು ನಮ್ಮ ಸೊಸೆ.

ಅವಧಿಯನ್ನು 7 ವರ್ಷಕ್ಕೆ ಹಿಗ್ಗಿಸಿದರೆ ಶೇಕಡಾ 9ರ ಕಂತು 16,089ಕ್ಕೆ ಇಳಿಯುವುದು ನಿಜ. ಆದರೆ ಒಟ್ಟು ಬಡ್ಡಿಯು 2,45,000ದಿಂದ 3,51,000ಕ್ಕೆ ಏರುವುದು. ಕಂತು ಹಗುರವಾದಷ್ಟೂ ಸಾಲ ಭಾರವಾಗುವುದೆಂಬುದನ್ನು ಗೃಹಸ್ಥರು ಮರೆಯಬಾರದು. ಇಲ್ಲಿ ಒಂದು ಅನುಕೂಲವುಂಟು. 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಆಜ್ಞೆಯಂತೆ, ಸಾಲ ಕೊಡುವವರು ಎಲ್ಲ ವೆಚ್ಚಗಳನ್ನೂ ಸೇರಿಸಿದ ವಾರ್ಷಿಕ ದರವನ್ನು ತೋರಿಸುವ ಮುಖ್ಯಾಂಶಗಳ ಪತ್ರವೊಂದನ್ನು, ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ, ಮೊದಲೇ ಕೊಡತಕ್ಕದ್ದು. ಅದನ್ನು ಕೇಳಿ ಪಡೆಯಲು ಸಂಕೋಚಪಡಬೇಕಾಗಿಲ್ಲ. ಸಾಲವನ್ನು ಮುಂಚಿತವಾಗಿ ತೀರಿಸಿದರೆ ದಂಡವುಂಟೇ ಎಂಬುದನ್ನೂ ಅದರಲ್ಲಿ ನೋಡಿಕೊಳ್ಳಬಹುದು.

ಇಷ್ಟೆಲ್ಲ ಆದಮೇಲೆ ಒಂದು ಸಂಜೆ ನಾವು ತಂದೆಮಕ್ಕಳು ವಾದಿಸುತ್ತಿರಲು, ಅಕ್ಕಿ ಆರಿಸುತ್ತ ಕುಳಿತಿದ್ದ ನಮ್ಮ ಮನೆಯವರು ಕೇಳಿದರು: “ಅಲ್ಲರೀ, ಇದು ತಿಂಗಳಿಗೆ ಎಷ್ಟು ದೂರ ಓಡುತ್ತೆ ಅಂತ ಯಾರಾದರೂ ಬರೆದಿಟ್ಟಿದ್ದೀರಾ?”

ಯಾರೂ ಬರೆದಿರಲಿಲ್ಲ! ಮಾರುವವನೂ ಕೇಳಿರಲಿಲ್ಲ. ಮರುದಿನದಿಂದ ಸೊಸೆಯು ಶಾಲೆಗೆ ಹೋಗಿಬರುವುದನ್ನೂ, ಆಸ್ಪತ್ರೆ, ಬಂಧುಗಳ ಮನೆ ಎಂದು ನಾವು ಆಟೋದಲ್ಲಿ ತಿರುಗಿದುದನ್ನೂ ಮೊಮ್ಮಗಳ ಹಳೆಯ ನೋಟ್ ಪುಸ್ತಕದಲ್ಲಿ ಬರೆದಿಟ್ಟೆವು. ತಿಂಗಳ ಕೊನೆಗೆ ಒಟ್ಟು ಸುಮಾರು 600 ಕಿಲೋಮೀಟರು.

ಈಗ ಲೆಕ್ಕ ಸುಲಭವಾಯಿತು. ಪಟ್ಟಣದಲ್ಲಿ ಸಾಮಾನ್ಯ ಕಾರು ಲೀಟರಿಗೆ 14, ಹೈಬ್ರಿಡ್ಡು 22 ಕಿಲೋಮೀಟರು ಓಡುವುದೆಂದೂ, ಪೆಟ್ರೋಲು ಲೀಟರಿಗೆ 100 ರೂಪಾಯಿಯೆಂದೂ, ಎರಡು ಕಾರುಗಳ ಬೆಲೆಯ ಅಂತರ 2,50,000 ರೂಪಾಯಿಯೆಂದೂ ಹಿಡಿದೆವು. ತಿಂಗಳಿಗೆ ಉಳಿಯುವ ಪೆಟ್ರೋಲಿನ ಹಣ ಸುಮಾರು 1,560 ರೂಪಾಯಿ. ಆದರೆ ಆ ಹೆಚ್ಚಿನ ಎರಡೂವರೆ ಲಕ್ಷಕ್ಕೆ 5 ವರ್ಷ ಕಟ್ಟತಕ್ಕ ಕಂತು ತಿಂಗಳಿಗೆ 5,190! ಹತ್ತು ವರ್ಷ ಓಡಿಸಿದರೂ ಉಳಿತಾಯ 1,87,000. ಬಡ್ಡಿ ಸೇರಿ ತೆತ್ತದ್ದು 3,11,000. ಕಂತು ಪೆಟ್ರೋಲಿನಲ್ಲಿ ಹುಟ್ಟುವುದಿಲ್ಲ. ಅದು ನಮ್ಮ ಗ್ರಾಚ್ಯುಟಿಯಲ್ಲಿಯೇ ಹುಟ್ಟಬೇಕು.

ಹಾಗೆಂದು ಹೈಬ್ರಿಡ್ಡನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ರಾಜಾಜಿನಗರದ ನಮ್ಮ ಸ್ನೇಹಿತರೊಬ್ಬರು ಉದ್ಯೋಗಕ್ಕಾಗಿ ದಿನವೂ ಪಟ್ಟಣದ ಆ ತುದಿಗೆ ಹೋಗಿಬರತಕ್ಕವರು. ಅವರದು ತಿಂಗಳಿಗೆ 1,500 ಕಿಲೋಮೀಟರು. ಅದೇ ಲೆಕ್ಕದಂತೆ ಅವರಿಗೆ ತಿಂಗಳಿಗೆ 3,900 ರೂಪಾಯಿ ಉಳಿಯುವುದು. ಹತ್ತು ವರ್ಷಕ್ಕೆ 4,68,000. ಕಂತು ತೀರಿದ ಮೇಲೆಲ್ಲ ಲಾಭವೇ. ಹೊಗೆ ಕಡಮೆಯಾಗುವ ಪುಣ್ಯವಂತೂ ಇದ್ದೇ ಇದೆ. ಅವರು ಕೊಂಡರು, ನಾವೂ ಸಂತೋಷಪಟ್ಟೆವು. ಔಷಧವು ಒಂದೇ ಆದರೂ ರೋಗಿಯ ಪ್ರಕೃತಿಯನ್ನು ನೋಡದೆ ವೈದ್ಯನು ಕೊಡುವನೇ?

ಲೆಕ್ಕವನ್ನು ನೋಡಿ ಮಗನು ಸ್ವಲ್ಪ ಹೊತ್ತು ಸುಮ್ಮನಿದ್ದನು. ಆಮೇಲೆ “ಅಪ್ಪ, ನಿಮ್ಮ ಹಣ ಮುಟ್ಟುವುದು ಬೇಡ” ಎಂದನು. ಅದಕ್ಕೆ ನಾವು ಒಪ್ಪಲಿಲ್ಲ. ಸೊಸೆಯೂ ಮೊಮ್ಮಗಳೂ ಸುರಕ್ಷಿತವಾಗಿ ಮನೆ ಸೇರುವುದು ನಮ್ಮ ಕರ್ತವ್ಯವೂ ಹೌದಷ್ಟೆ. ಗ್ರಾಚ್ಯುಟಿಯ ಒಂದು ಪಾಲನ್ನು ಮುಂಗಡಕ್ಕೆ ಕೊಟ್ಟು, ಮಿಕ್ಕುದನ್ನು 60 ವರ್ಷ ತುಂಬಿದವರಿಗಾಗಿ ಅಂಚೆ ಕಛೇರಿಯಲ್ಲಿರುವ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟೆವು. ನಾಲ್ಕು ಮೀಟರಿನೊಳಗಿನ ಸಾಧಾರಣ ಪೆಟ್ರೋಲ್ ಕಾರೊಂದನ್ನು, 5 ಲಕ್ಷ ಸಾಲ, 4 ವರ್ಷ ಅವಧಿ, ಶೇಕಡಾ 9 ಬಡ್ಡಿಯಂತೆ ಕೊಂಡೆವು. ತಿಂಗಳಿಗೆ ಸುಮಾರು 12,440 ರೂಪಾಯಿ ಕಂತನ್ನು ಮಗನೇ ಕಟ್ಟುತ್ತಾನೆ. ಸಾಲ ತೀರಿದೊಡನೆ ಬ್ಯಾಂಕಿನಿಂದ ನಿರಾಕ್ಷೇಪಣಾ ಪತ್ರವನ್ನು ಪಡೆದು, ಸಾರಿಗೆ ಕಛೇರಿಯಲ್ಲಿ ನೋಂದಣಿ ಪತ್ರದಿಂದ ಬ್ಯಾಂಕಿನ ಹೆಸರನ್ನು ತೆಗೆಸಬೇಕೆಂದು ಈಗಲೇ ಬರೆದಿಟ್ಟಿದ್ದೇವೆ.

ಕಾರು ಬಂದ ವಾರದಲ್ಲಿಯೇ ಜೋರಾಗಿ ಮಳೆ ಸುರಿಯಿತು. ಗೇಟಿನ ಬಳಿ ಕಾದು ನಿಂತಿದ್ದೆವು. ಮೊಮ್ಮಗಳು ಒಂದು ಹನಿಯೂ ಸೋಕದೆ ಇಳಿದು, “ತಾತ, ನೀವೇ ಯಾಕೆ ನೆನೆದಿದ್ದೀರಿ?” ಎಂದು ಕೇಳಿದಳು.

ಕಾರು ಕೊಳ್ಳಬೇಕೆಂದಿರುವ ಗೃಹಸ್ಥರಿಗೂ ಗೃಹಿಣಿಯರಿಗೂ ನಮ್ಮ ವಿಜ್ಞಾಪನೆ ಇಷ್ಟೆ. ಮಳಿಗೆಗೆ ಹೋಗುವ ಮುನ್ನ ಒಂದು ತಿಂಗಳು ನಿಮ್ಮ ಓಡಾಟವನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ಯಾವ ಕಾರು ಬೇಕೆಂಬುದನ್ನು ಆ ಪುಸ್ತಕವೇ ಹೇಳುವುದು.