ಸಂಘದ ಪಶು ಮಾಹಿತಿಗೆ ತಂತ್ರಾಂಶ: ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು



ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲೂಕುಗಳ ಹಲವು ಸಂಘಗಳಲ್ಲಿ ಹಾಲಿನ ಲೀಟರ್, ಫ್ಯಾಟ್, ಬಟವಾಡೆಯ ಲೆಕ್ಕ ಈಗ ಕಂಪ್ಯೂಟರಿನಲ್ಲಿದೆ. ಆದರೆ ಯಾವ ಎಮ್ಮೆಗೆ ಯಾವ ಕೋಣದ ವೀರ್ಯ ಕೊಡಲಾಯಿತು, ಯಾವ ಕರುವಿಗೆ ಯಾವ ಲಸಿಕೆ ಬಿದ್ದಿದೆ ಎಂಬ ತಿಳುವಳಿಕೆ ಮಾತ್ರ ಯಾರೋ ಒಬ್ಬರ ತಲೆಯಲ್ಲಿ ಇಲ್ಲವೇ ಮೊಬೈಲಿನಲ್ಲಿ ಇರುತ್ತದೆ. ಅವರು ಕೆಲಸ ಬಿಟ್ಟರೆ ಆ ತಿಳುವಳಿಕೆಯೂ ಸಂಘ ಬಿಟ್ಟು ಹೋಗುತ್ತದೆ.

ನಮ್ಮ ಭಾಗದ ಒಂದು ಊರಿಗೆ ಕಂದು ರೋಗದ, ಅಂದರೆ ಬ್ರುಸೆಲ್ಲೋಸಿಸ್ ಲಸಿಕೆ ಹಾಕಲು ಹೋದಾಗ ಇದು ನನ್ನ ಅನುಭವಕ್ಕೆ ಬಂತು. ಈ ಲಸಿಕೆಯನ್ನು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಜೀವಮಾನದಲ್ಲಿ ಒಮ್ಮೆ ಮಾತ್ರ ಹಾಕಬೇಕು. ಹಿಂದಿನ ಸುತ್ತಿನ ದಾಖಲೆ ಒಂದು ಮೊಬೈಲಿನ ಫೋಟೋಗಳಲ್ಲಿತ್ತು. ಆ ಮೊಬೈಲ್ ಕೆಟ್ಟಿತ್ತು. ಮಾಲೀಕರನ್ನು ಕೇಳಿದರೆ, "ಹಾಕಿರಬೇಕ್ರಿ ಸಾಹೇಬ್ರ" ಎಂದರು. ಊಹೆಯ ಮೇಲೆ ಸೂಜಿ ಚುಚ್ಚಲಾಗದೆ ಹಿಂದಿರುಗಿದೆವು. ವಿಚಾರಿಸಿ ಖಚಿತಪಡಿಸಿಕೊಳ್ಳುವಷ್ಟರಲ್ಲಿ ಕೆಲವು ಕರುಗಳಿಗೆ 8 ತಿಂಗಳು ದಾಟಿತ್ತು. ಗಬ್ಬದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕಿಸುವ ಈ ರೋಗ, ಹಸಿ ಹಾಲು ಹಾಗೂ ಮಾಸಿನ ಮೂಲಕ ಮನೆಯವರಿಗೂ ತಗಲುತ್ತದೆ. ಒಂದು ದಾಖಲೆಯ ಬೆಲೆ ಇಷ್ಟು.

ಹಾಗಾದರೆ ಸಂಘ ಎಂತಹ ತಂತ್ರಾಂಶ ಆರಿಸಬೇಕು? ಮೊದಲು ಎರಡು ಬಗೆಯ ಮಾಹಿತಿಯನ್ನು ಬೇರ್ಪಡಿಸಿ. ಒಂದು, ಪ್ರತಿ ಜಾನುವಾರಿನ ಚರಿತ್ರೆ. ಇನ್ನೊಂದು, ಎಲ್ಲರಿಗೂ ಬೇಕಾದ ತಾಂತ್ರಿಕ ಸಲಹೆ. ಉದಾಹರಣೆಗೆ, ಕಬ್ಬಿನ ಕಟಾವಿನ ಹಂಗಾಮಿನಲ್ಲಿ ಸೋಗೆಯನ್ನೇ ಹೆಚ್ಚು ತಿನ್ನಿಸಿದರೆ ಅದರಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಗ ಖನಿಜ ಮಿಶ್ರಣ ತಪ್ಪಿಸಬಾರದು. ಇಂತಹ ಸಲಹೆಯನ್ನು ವಾಟ್ಸಾಪ್ ಗುಂಪಿಗೆ ಹಾಕಿದರೆ ನಾಲ್ಕು ದಿನದಲ್ಲಿ ಮೇಲಿನ ಸಂದೇಶಗಳಡಿ ಹೂತುಹೋಗುತ್ತದೆ. ಗುಂಪು ಸುದ್ದಿ ಮುಟ್ಟಿಸಲು ಒಳ್ಳೆಯದು, ಆದರೆ ಅದು ದಫ್ತರವಲ್ಲ.

ತಂತ್ರಾಂಶ ಮಾರಲು ಬಂದವರನ್ನು ಈ ಪ್ರಶ್ನೆಗಳನ್ನು ಕೇಳಿರಿ.

1. ಕಿವಿಯೋಲೆಯ ಸಂಖ್ಯೆಯಿಂದ ಹುಡುಕಬಹುದೇ? ಒಂದೇ ಊರಲ್ಲಿ ಒಂದೇ ಹೆಸರಿನ ಹತ್ತು ಜನ ಇರುತ್ತಾರೆ. ಕಿವಿಯೋಲೆಯ 12 ಅಂಕಿಯ ಸಂಖ್ಯೆ ಒಂದು ಜಾನುವಾರಿಗೆ ಒಂದೇ. ಹಿಂದೆ ಇನಾಫ್‌ನಲ್ಲಿ, ಈಗ ಭಾರತ್ ಪಶುಧನ್ ತಂತ್ರಾಂಶದಲ್ಲಿ ಸರಕಾರಿ ನೋಂದಣಿ ನಡೆಯುವುದೂ ಇದೇ ಸಂಖ್ಯೆಯ ಮೇಲೆ. ಸಂಘದ ದಾಖಲೆ ಅದಕ್ಕೆ ಹೊಂದುವಂತಿರಲಿ.

2. ಕನ್ನಡದಲ್ಲಿ ಹುಡುಕಿದರೆ ಸಿಗುತ್ತದೆಯೇ? ಒಬ್ಬರು ಗಳಲೆ ರೋಗ ಎಂದರೆ ಇನ್ನೊಬ್ಬರು ಗಂಟಲು ಬೇನೆ ಎನ್ನುತ್ತಾರೆ. ಯಾವ ಹೆಸರು ಬರೆದರೂ ಅದೇ ಪುಟ ತೆರೆಯಬೇಕು.

3. ಕರೆಂಟು, ನೆಟ್‌ವರ್ಕ್ ಇಲ್ಲದಾಗ ನಡೆಯುತ್ತದೆಯೇ? ದನದ ಕೊಟ್ಟಿಗೆಯಲ್ಲಿ ಬರೆದದ್ದು, ಸಿಗ್ನಲ್ ಸಿಕ್ಕಾಗ ತಾನೇ ಸೇರಿಕೊಳ್ಳುವಂತಿರಬೇಕು.

4. ಬರೆದವರು ಯಾರು, ಯಾವ ದಿನ ಎಂಬುದು ಉಳಿಯುತ್ತದೆಯೇ? ಔಷಧದ ಪ್ರಮಾಣ ಮತ್ತು ಔಷಧ ಕೊಟ್ಟ ಮೇಲೆ ಎಷ್ಟು ದಿನ ಹಾಲು ಹಾಕಬಾರದು ಎಂಬುದನ್ನು ಪಶುವೈದ್ಯರು ಮಾತ್ರ ತಿದ್ದುವಂತಿರಲಿ. ಹಳೆಯ ಸಲಹೆ ಅಳಿಯಬಾರದು, ರದ್ದಾಗಿದೆ ಎಂಬ ಗುರುತು ಇರಬೇಕು.

5. ನಮ್ಮ ಮಾಹಿತಿ ನಮಗೆ ಮರಳಿ ಸಿಗುತ್ತದೆಯೇ? ಕಂಪನಿ ಮುಚ್ಚಬಹುದು, ಬಾಡಿಗೆ ಏರಿಸಬಹುದು. ಇಡೀ ದಾಖಲೆಯನ್ನು ಸಾದಾ ಕೋಷ್ಟಕವಾಗಿ ಹೊರತೆಗೆಯಲು ಬರದಿದ್ದರೆ ಅಂತಹ ತಂತ್ರಾಂಶ ಎಷ್ಟೇ ಅಗ್ಗವಾದರೂ ಬೇಡ.

6. ಪ್ರತಿ ಇನ್ನೊಂದು ಕಡೆ ಇರುತ್ತದೆಯೇ? 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ನದಿಗಳು ಉಕ್ಕಿ ದಂಡೆಯ ಊರುಗಳಿಗೆ ನೀರು ನುಗ್ಗಿದ್ದನ್ನು ಮರೆಯಬಾರದು. ನೀರಿಗೆ ವಹಿ, ಕಂಪ್ಯೂಟರ್ ಎಂಬ ಭೇದವಿಲ್ಲ.

7. ವರ್ಷದ ಒಟ್ಟು ಖರ್ಚೆಷ್ಟು? ಕೊಳ್ಳುವ ದರದ ಜೊತೆಗೆ ವಾರ್ಷಿಕ ಶುಲ್ಕ, ದುರಸ್ತಿ, ತರಬೇತಿಯನ್ನೂ ಕೂಡಿಸಿ ನೋಡಿ.

ಇಷ್ಟಾದ ಮೇಲೂ ಕೂಡಲೇ ಹಣ ಕಟ್ಟಬೇಡಿ. ಹದಿನೈದು ದಿನ ಇಪ್ಪತ್ತು ಜಾನುವಾರುಗಳ ಮಾಹಿತಿ ತುಂಬಿ ನೋಡಿ. ಎಮ್ಮೆಗೆ ವೀರ್ಯ ಕೊಟ್ಟ ದಿನ ಬರೆದರೆ, 21 ದಿನಕ್ಕೆ ಬೆದೆ ನೋಡಲು, ಗಬ್ಬ ನಿಂತರೆ ಸುಮಾರು 310 ದಿನಕ್ಕೆ ಈಯುವ ಸಮಯವೆಂದು ಅದು ನೆನಪಿಸುತ್ತದೆಯೇ? ಕಾರ್ಯದರ್ಶಿ ರಜೆಯಲ್ಲಿದ್ದಾಗ ಹಾಲು ಅಳೆಯುವ ಹುಡುಗ ಅದನ್ನು ತೆರೆದು ಓದಬಲ್ಲನೇ? ಈ ಎರಡನೆಯ ಪರೀಕ್ಷೆಯೇ ಮುಖ್ಯ.

ಸಣ್ಣ ಸಂಘಗಳಿಗೆ ಒಂದು ಕಿವಿಯೋಲೆ ವಹಿ, ಒಂದು ಸಾದಾ ಕಂಪ್ಯೂಟರ್ ಕೋಷ್ಟಕ, ತಿಂಗಳಿಗೊಮ್ಮೆ ಅದರ ಮುದ್ರಿತ ಪ್ರತಿ ಸಾಕು. ದಿನವೂ ಬರೆಯದವರಿಗೆ ದುಬಾರಿ ತಂತ್ರಾಂಶದಿಂದ ಏನೂ ಪ್ರಯೋಜನವಿಲ್ಲ.

ಸದಸ್ಯರು ಮಾಡಬೇಕಾದದ್ದು ಇಷ್ಟೇ. ಕಿವಿಯೋಲೆ ಬಿದ್ದರೆ ತಿಳಿಸಿ, ದನ ಕೊಂಡರೆ, ಮಾರಿದರೆ ಬರೆಸಿ. ಮುಂದಿನ ಸಭೆಯಲ್ಲಿ ಎದ್ದು ನಿಂತು, "ನಮ್ಮ ಕರುವಿನ ಲಸಿಕೆಯ ದಾಖಲೆ ಎಲ್ಲಿದೆ, ತೋರಿಸಿ" ಎಂದು ಕೇಳಿ. ಉತ್ತರ ಒಂದು ನಿಮಿಷದಲ್ಲಿ ಸಿಕ್ಕರೆ ನಿಮ್ಮ ಸಂಘದ ದಫ್ತರ ಸರಿಯಾಗಿದೆ ಎಂದು ತಿಳಿಯಿರಿ.